ಅರ್ಥವಾಗದೆ ಅಲ್ಲ ಮಾರಾಯ

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ಹೂಮಳೆ, ಅದೇ ಕಾಫಿ ಹೂ ಅರಳಿಸುವ ಮಳೆ, ಬಿತ್ತು. ಸೋಮವಾರಪೇಟೆ ಕಡೆ ಈ ಸಲ ತಡವಾಯಿತು ಅಂತ ಎಲ್ಲರೂ ಆಕಾಶಕ್ಕೆ ಬೈಯುತ್ತಾ ಕೂತಿದ್ದೆವು. ಅಂತೂ ಬಂತು. ಇನ್ನು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ನೀನು ಸ್ವಲ್ಪ ತಡೆದು ಬಂದಿದ್ದರೆ ನೋಡಬಹುದಿತ್ತು.

ಅವತ್ತು ಬೈಲಕುಪ್ಪೆಯಿಂದ ವಾಪಸ್ ಬರುವಾಗ ಕಾರಲ್ಲಿ ನೀನು ಹೇಳಿದ್ದಕ್ಕೆ ನಾನು ಏನೂ ಅನ್ನಲಿಲ್ಲ. ಕುಶಾಲನಗರದ ಟ್ರಾಫಿಕ್ ನೆಪ ಮಾಡಿ ಸುಮ್ಮನಾದೆ. "ಎಲ್ಲ ಗುರುಗಳ ಕತೆಯೂ ಇಷ್ಟೇ ಕಣೋ. ಅವರು ಹೇಳಿದ್ದೊಂದು, ಹಿಂದೆ ಬಂದವರಿಗೆ ಅರ್ಥವಾಗಿದ್ದು ಇನ್ನೊಂದು. ಪಾಪ, ಜನಕ್ಕೆ ಗೊತ್ತಾಗಲ್ಲ" ಅಂದಿದ್ದೆ. ಆ 'ಪಾಪ' ಅನ್ನೋ ಮಾತು ನನಗೆ ಚುಚ್ಚಿತು. ಯಾಕೆ ಅಂತ ಆಗ ಹೇಳೋಕೆ ಬರಲಿಲ್ಲ. ಈಗ ಬರೆಯುತ್ತಿದ್ದೇನೆ.

ಮೊದಲು ಬೈಲಕುಪ್ಪೆಯ ಗೋಲ್ಡನ್ ಟೆಂಪಲ್, ಆ ಟಿಬೆಟನ್ನರ ಬೌದ್ಧ ಮಠದ ವಿಷಯ. ಅದು ಕಾವೇರಿ ಸೇತುವೆಯಾಚೆ, ಮೈಸೂರು ಜಿಲ್ಲೆಗೆ ಸೇರಿದ್ದು. ಆದರೂ ಕೊಡಗು ನೋಡಲು ಬಂದವರೆಲ್ಲ ಅಲ್ಲಿಗೆ ಹೋಗುತ್ತಾರೆ, ನಾವೂ ನಮ್ಮದೇ ಅಂದುಕೊಂಡಿದ್ದೇವೆ. ಒಳಗೆ ಆ ಮೂರು ಬಂಗಾರದ ಮೂರ್ತಿಗಳ ಮುಂದೆ ನಿಂತು ನೀನು "ಬುದ್ಧ ಇದನ್ನ ನೋಡಿದ್ದರೆ ಓಡಿಹೋಗುತ್ತಿದ್ದ" ಎಂದೆ. ನಡುವಿನದು ಮಾತ್ರ ಶಾಕ್ಯಮುನಿ ಬುದ್ಧ ಕಣೋ. ಪಕ್ಕದವರಲ್ಲಿ ಒಬ್ಬರು ಪದ್ಮಸಂಭವ, ಬುದ್ಧ ತೀರಿಕೊಂಡು ಸಾವಿರಕ್ಕೂ ಹೆಚ್ಚು ವರ್ಷದ ಮೇಲೆ ಟಿಬೆಟ್‌ಗೆ ಹೋದ ಗುರು. ಇನ್ನೊಬ್ಬರು ಅಮಿತಾಯು, ದೀರ್ಘಾಯುಷ್ಯದ ಬುದ್ಧ ಅಂತ ಅವರು ಪೂಜಿಸುವವರು.

ನಿನ್ನ ಮಾತಲ್ಲಿ ಹುರುಳಿಲ್ಲ ಅಂತಲ್ಲ. ಬುದ್ಧನ ನಂತರ ಕೆಲವು ನೂರು ವರ್ಷ ಶಿಲ್ಪಿಗಳು ಹೆಚ್ಚಾಗಿ ಅವನ ಆಕಾರವನ್ನೇ ಕೆತ್ತಲಿಲ್ಲ. ಸಾಂಚಿಯ ಹಳೇ ಕೆತ್ತನೆಗಳಲ್ಲಿ ಬರೀ ಪಾದದ ಗುರುತು, ಬೋಧಿ ಮರ, ಖಾಲಿ ಪೀಠ. ಅಲ್ಲಿಂದ ಈ ಬಂಗಾರದವರೆಗೆ ದೂರ ಜಾಸ್ತಿ, ಒಪ್ಪಿದೆ. ಆದರೆ ಬುದ್ಧನಿಗೆ ಇದೆಲ್ಲ ಗೊತ್ತಿರಲಿಲ್ಲ ಅಂದುಕೊಳ್ಳಬೇಡ. ಕೊನೆಗಾಲದಲ್ಲಿ ಶಿಷ್ಯ ಆನಂದ ಅವನನ್ನು ಕೇಳುತ್ತಾನೆ, ನಿಮ್ಮ ದೇಹವನ್ನು ಏನು ಮಾಡಬೇಕು ಅಂತ. ಅದರ ಪೂಜೆಯ ಗೊಡವೆ ನಿಮಗೆ ಬೇಡ, ನೀವು ನಿಮ್ಮ ಸಾಧನೆ ನೋಡಿಕೊಳ್ಳಿ, ಅದನ್ನು ಮಾಡುವುದಕ್ಕೆ ಗೃಹಸ್ಥರಿದ್ದಾರೆ ಎನ್ನುತ್ತಾನೆ ಬುದ್ಧ. ಆಮೇಲೆ ಆದದ್ದೂ ಈ ಮಾತಿರುವ ಪಾಳಿ ಗ್ರಂಥದಲ್ಲೇ ಇದೆ. ಚಿತೆ ಆರಿದ ಮೇಲೆ ಅಸ್ಥಿಗಾಗಿ ರಾಜರುಗಳು ಜಗಳಕ್ಕೆ ನಿಂತರು. ದ್ರೋಣ ಎಂಬ ಬ್ರಾಹ್ಮಣ ಎಂಟು ಪಾಲು ಮಾಡಿ ಕೊಟ್ಟು ಸಮಾಧಾನ ಮಾಡಬೇಕಾಯಿತು. ಆಸೆಯೇ ದುಃಖಕ್ಕೆ ಮೂಲ ಅಂದವನ ಮೂಳೆಗೆ ಆಸೆಪಟ್ಟು ಹೊಡೆದಾಟಕ್ಕೆ ಸಿದ್ಧರಾದವರು ಅವನನ್ನು ಕಣ್ಣಾರೆ ಕಂಡವರ ಕಾಲದವರೇ.

ಇನ್ನೊಂದು ಕತೆ ನನಗೆ ಬಹಳ ಇಷ್ಟ. ಅರಿಟ್ಠ ಅಂತ ಒಬ್ಬ ಭಿಕ್ಷು ಬುದ್ಧನ ಮಾತನ್ನು ಉಲ್ಟಾ ಮಾಡಿಕೊಂಡು ಎಲ್ಲರ ಹತ್ತಿರ ಹೇಳುತ್ತಾ ತಿರುಗುತ್ತಿದ್ದ. ಬುದ್ಧ ಅವನನ್ನು ಕರೆಸಿ ಬೈದ. ಆಮೇಲೆ ಎಲ್ಲರಿಗೂ ಹೇಳಿದ: ಧರ್ಮ ಅಂದರೆ ಹಾವು ಹಿಡಿದ ಹಾಗೆ. ಬಾಲ ಹಿಡಿದರೆ ತಿರುಗಿ ಕಚ್ಚುತ್ತದೆ. ಕವಲುಕೋಲಿನಿಂದ ಕತ್ತು ಒತ್ತಿ ಹಿಡಿಯಬೇಕು. (ನಮ್ಮೂರ ಹಾವು ಹಿಡಿಯುವ ಹುಡುಗರು ಬಾಲವನ್ನೇ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ, ಬಿಡು.) ಅಂದರೆ ತಪ್ಪು ತಿಳಿಯುವುದು ಆಮೇಲೆ ಶುರುವಾದದ್ದಲ್ಲ. ಗುರು ಎದುರಿಗೇ ಕೂತಿದ್ದಾಗಲೂ ಇತ್ತು. ಯೇಸುವಿನ ಜೊತೆ ಉಂಡು ಮಲಗಿ ಓಡಾಡಿದ ಶಿಷ್ಯ ಪೇತ್ರನೇ, ಅವನನ್ನು ಹಿಡಿಯಲು ಬಂದಾಗ ಕತ್ತಿ ಎಳೆದು ಒಬ್ಬ ಆಳಿನ ಕಿವಿ ಕತ್ತರಿಸಿದನಲ್ಲ.

ನಿಜವಾಗಿಯೂ ಅರ್ಥ ಜಾರಿಹೋಗುವುದೂ ಉಂಟು. ಬುದ್ಧ ಕೊನೆಯಲ್ಲಿ ಹೇಳಿದ 'ಅತ್ತದೀಪಾ' ಅನ್ನುವ ಮಾತನ್ನೇ ತಗೋ. ಪಾಳಿಯಲ್ಲಿ ದೀಪ ಅಂದರೆ ದೀಪವೂ ಹೌದು, ದ್ವೀಪವೂ ಹೌದು. ನಿಮಗೆ ನೀವೇ ಬೆಳಕಾಗಿ ಎಂದನೋ, ಪ್ರವಾಹದ ನಡುವೆ ನಿಮಗೆ ನೀವೇ ನೆಲೆಯಾಗಿ ಎಂದನೋ? ಪಂಡಿತರು ಇನ್ನೂ ಎರಡೂ ಕಡೆ ಎಳೆಯುತ್ತಾರೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಊರೂರೇ ಕೊಚ್ಚಿಹೋದದ್ದನ್ನು ಕಂಡವನು ನಾನು, ದ್ವೀಪದ ಕಡೆಗೇ ನನ್ನ ಓಟು.

ನಮ್ಮದೇ ಮನೆಯ ಉದಾಹರಣೆಯೂ ಇದೆ. 'ಕಾಯಕವೇ ಕೈಲಾಸ' ಬೋರ್ಡು ನೋಡಿದ್ದೀಯಲ್ಲ, ಈ ಕಡೆ ಎಷ್ಟು ಜನ ಮಾಲೀಕರ ಕುರ್ಚಿಯ ಹಿಂದೆ ನೇತಾಡುತ್ತದೆ. ಕೆಳಗೆ ಬಸವಣ್ಣನ ಚಿತ್ರ. ಆ ಮಾತು ಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದವನು ಅವನು. ಒಂದು ದಿನ ಸ್ವಲ್ಪ ಜಾಸ್ತಿ ತಂದಾಗ ಹೆಂಡತಿ ಲಕ್ಕಮ್ಮ, "ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ" ಎಂದು ಗದರಿ, ಹೆಚ್ಚಿನದನ್ನು ವಾಪಸ್ ಸುರಿದು ಬಾ ಅಂದಳು. ಆ ಮನೆಯಿಂದ ಹೊರಟ ಮಾತು ಈಗ ಕೂಲಿಯವರಿಗೆ "ಬಾಯಿ ಮುಚ್ಚಿಕೊಂಡು ಕೆಲಸ ಮಾಡಿ" ಅಂತ ಹೇಳುವ ಬೋರ್ಡಾಗಿದೆ. ಕೂಲಿ ಲೆಕ್ಕ ಬರೆಯುವ ಮೇಜಿನ ಹಿಂದೆ ಲಕ್ಕಮ್ಮನ ಮಾತನ್ನು ಯಾರಾದರೂ ಹಾಕಿದ್ದು ನಾನಂತೂ ನೋಡಿಲ್ಲ.

ಇದು ಯಾರು ಹೇಳಿದ್ದು ಅಂತ ಗೊತ್ತಿಲ್ಲದೆ ಆದದ್ದು ಅನ್ನಬಹುದು. ಇನ್ನೊಂದು ಹೇಳುತ್ತೇನೆ, ಅದನ್ನು ನೀನು ಯಾವ ಲೆಕ್ಕಕ್ಕೆ ಹಾಕುತ್ತೀಯೋ ನೋಡು.

ಹೋದ ಆಷಾಢದಲ್ಲಿ ಅಜ್ಜಿ ತೀರಿಕೊಂಡಾಗ ರಸ್ತೆಗೆ ಮರ ಬಿದ್ದು ನಿನಗೆ ಬರಲಾಗಲಿಲ್ಲ. ಸಮಾಧಿ ತೋಡಿದ್ದು ತೋಟದ ಮೇಲಿನ ಮೂಲೆಯಲ್ಲಿ, ಅಜ್ಜನ ಪಕ್ಕ. ಮೂರು ದಿನದಿಂದ ಬಿಡದ ಮಳೆ. ಗುಂಡಿಗೆ ನೀರು ಒಸರುತ್ತಿತ್ತು. ಇಬ್ಬರು ಒಳಗಿಳಿದು ಬಕೆಟ್ಟಲ್ಲಿ ಮೊಗೆದು ಕೊಡುವುದು, ಮೇಲಿದ್ದವರು ಚೆಲ್ಲುವುದು. ಅಜ್ಜಿಯನ್ನು ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ ಹಾಕಿದರು. ಒದ್ದೆ ಮಣ್ಣಿನ ಮೇಲೆ ವಿಭೂತಿ ಗಾರೆಯ ಹಾಗೆ ಅಂಟಿಕೊಂಡಿತು.

ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ ಅಕ್ಕ ದೂರದಲ್ಲಿ, ಸಿಲ್ವರ್ ಮರದ ಕೆಳಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ನಿಂತಿದ್ದಳು. ನಿನಗೆ ಗೊತ್ತಲ್ಲ ಅವಳು. ಅಜ್ಜಿ ಹಾಸಿಗೆ ಹಿಡಿದ ಎರಡು ವರ್ಷ ಮೈ ಒರೆಸಿದ್ದು, ತಲೆ ಬಾಚಿದ್ದು, ಗಂಜಿ ಕುಡಿಸಿದ್ದು ಅವಳೇ. ಅಮ್ಮನಿಗೆ ಸೊಂಟ ನೋವು, ನನಗೆ ತೋಟ. ಕೊನೆಕೊನೆಗೆ ಅಜ್ಜಿ ಅವಳ ಕೈಯಿಂದ ಬಿಟ್ಟು ಬೇರೆ ಯಾರ ಕೈಯಿಂದಲೂ ನುಂಗುತ್ತಿರಲಿಲ್ಲ. ಮಣ್ಣು ಹಾಕುವಾಗ ನಾವೆಲ್ಲ ಒಬ್ಬೊಬ್ಬರಾಗಿ ಹೋದೆವು. ಅವಳು ಹೋಗಲಿಲ್ಲ. ಬಾ ಅಂತ ಯಾರೂ ಕರೆಯಲೂ ಇಲ್ಲ. ನಾನೂ ಕರೆಯಲಿಲ್ಲ.

ಆಮೇಲೆ ಶಿವಗಣಾರಾಧನೆಯ ದಿನ ಮಾತಾಡಲು ಬಂದವರೊಬ್ಬರು "ಇವನಾರವ ಇವನಾರವ ಇವನಾರವನೆಂದೆನಿಸದಿರಯ್ಯಾ, ಇವ ನಮ್ಮವ ಇವ ನಮ್ಮವ" ಎಂದು ಬಹಳ ಚೆನ್ನಾಗಿ ಹೇಳಿದರು. ನನಗೂ ಅದು ಬಾಯಿಪಾಠ. ಪ್ರೈಮರಿ ಸ್ಕೂಲಲ್ಲಿ ಅದನ್ನೇ ಹೇಳಿ ಸ್ಟೀಲ್ ಡಬ್ಬಿ ಬಹುಮಾನ ತಗೊಂಡವನು ನಾನು. ಅದೇ ಹೊತ್ತಿಗೆ ಲೈನ್ ಮನೆಯವರೆಲ್ಲ ಕಾಫಿ ಕಣದಲ್ಲಿ ಕೊನೇ ಪಂಕ್ತಿಗೆ ಕಾಯುತ್ತಿದ್ದರು.

ಹಿತ್ತಿಲ ಜಗಲಿಯ ಗೋಡೆಯಲ್ಲಿ ಒಂದು ಗೂಡು ಇದೆ. ಅದರಲ್ಲಿ ಅಕ್ಕನ ಟೀ ಲೋಟ. ಅಲ್ಯೂಮಿನಿಯಂದು, ಅಂಚು ಸೊಟ್ಟಗಾಗಿದೆ, ಒಳಗೆ ಟೀ ಕರೆ ಹತ್ತಿ ಕಪ್ಪಾಗಿದೆ. ಅವಳೇ ತೊಳೆದು ಅವಳೇ ಬೋರಲು ಹಾಕಿಡುತ್ತಾಳೆ. ಅಮ್ಮ ಮೇಲಿನಿಂದ ಟೀ ಹೊಯ್ಯುತ್ತಾರೆ, ಪಾತ್ರೆ ಲೋಟಕ್ಕೆ ತಾಗುವುದಿಲ್ಲ. ಒಳಗೆ ಹೋಗಿ ಅಜ್ಜಿಗೆ ಕೈತುತ್ತು ಕೊಟ್ಟು ಬಂದವಳು ಹೊರಗೆ ಕೂತು ಆ ಲೋಟದಲ್ಲಿ ಕುಡಿಯುತ್ತಿದ್ದಳು. ನಾವು ಅವಳನ್ನು ಅಕ್ಕ ಅಂತಲೇ ಕರೆಯುತ್ತೇವೆ.

ಈಗ ಹೇಳು. ಇಲ್ಲಿ ಯಾರಿಗೆ ಬಸವಣ್ಣ ಅರ್ಥವಾಗಿಲ್ಲ? ಇವ ನಮ್ಮವ ಅನ್ನುವುದಕ್ಕೆ ಟೀಕೆ, ತಾತ್ಪರ್ಯ ಬೇಕಾ? ನನ್ನಮ್ಮನಿಗೂ ಅರ್ಥವಾಗಿದೆ, ಭಾಷಣ ಮಾಡಿದವರಿಗೂ ಆಗಿದೆ, ನನಗಂತೂ ಡಬ್ಬಿ ಸಿಗುವಷ್ಟು ಆಗಿದೆ. ಅದಕ್ಕೇ ನಿನ್ನ 'ಪಾಪ' ನನಗೆ ಹಿಡಿಸಲಿಲ್ಲ. ಬಸವಣ್ಣನ ಕಾಲದ ಕಲ್ಯಾಣದಲ್ಲೂ ಹಾಗೇ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು ಎಂದು ಆ ಅಪ್ಪಂದಿರಿಬ್ಬರನ್ನೂ ಕೊಲ್ಲಿಸಿದರಲ್ಲ, ಕೊಲ್ಲಿಸಿದವರು ವಚನ ಅರ್ಥವಾಗದೆ ಕೊಲ್ಲಿಸಿದರಾ? ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಚೆನ್ನಾಗಿ ಗೊತ್ತಾಗಿದ್ದಕ್ಕೇ ಕೊಲ್ಲಿಸಿದ್ದು. ನಾವು ಅಷ್ಟು ಗಟ್ಟಿಗರಲ್ಲ. ಗುರುವನ್ನು ಕೊಲ್ಲುವುದಿಲ್ಲ, ಫೋಟೋಗೆ ಹಾರ ಹಾಕುತ್ತೇವೆ.

ಇದನ್ನು ಬದುಕಿದ್ದಾಗಲೇ ಕಂಡು, ಬರೆದೂ ಇಟ್ಟವರು ಕೇರಳದ ನಾರಾಯಣ ಗುರು. ನಮ್ಮ ಜಿಲ್ಲೆಯಲ್ಲಿ ಮಲಯಾಳಿಗಳು ಬಹಳ ಇದ್ದಾರಲ್ಲ, ಗುರು ಜಯಂತಿ ಬಂತೆಂದರೆ ಪೇಟೆಯಲ್ಲಿ ಹಳದಿ ಬಾವುಟ. 1888ರಲ್ಲಿ ಅರುವಿಪ್ಪುರದಲ್ಲಿ ಕೆಳಜಾತಿ ಅನ್ನಿಸಿಕೊಂಡ ಈಳವರಲ್ಲಿ ಹುಟ್ಟಿಯೂ ತಾವೇ ಶಿವಲಿಂಗ ಇಟ್ಟವರು, ಮನುಷ್ಯರಿಗೆಲ್ಲ ಒಂದೇ ಜಾತಿ ಅಂದವರು. 1903ರಲ್ಲಿ ಅವರ ಹೆಸರಿನಲ್ಲೇ ಯೋಗಂ, ಅಂದರೆ ಸಂಘ, ಶುರುವಾಯಿತು. ಹದಿಮೂರೇ ವರ್ಷ. 1916ರಲ್ಲಿ ಆ ಸಂಘ ಕಟ್ಟಿದವರಲ್ಲೊಬ್ಬರಾದ ಡಾಕ್ಟರ್ ಪಲ್ಪುಗೆ ಕಾಗದ ಬರೆದರು: ಯೋಗಂನಲ್ಲಿ ಜಾತಿಯ ಅಭಿಮಾನ ಬೆಳೆಯುತ್ತಿದೆ, ಅದನ್ನು ಮನಸ್ಸಿನಿಂದ ಮೊದಲೇ ಬಿಟ್ಟಿದ್ದೆ, ಈಗ ಮಾತಿನಿಂದಲೂ ನಡೆಯಿಂದಲೂ ಬಿಟ್ಟಿದ್ದೇನೆ ಅನ್ನುವ ಅರ್ಥದಲ್ಲಿ. ತನ್ನ ಹೆಸರಿನ ಸಂಘಕ್ಕೆ ತಾನೇ ರಾಜೀನಾಮೆ ಕೊಟ್ಟ ಹಾಗೆ! 1927ರಲ್ಲಿ ಕಳವಂಕೋಡದಲ್ಲಿ ದೇವರ ಜಾಗದಲ್ಲಿ ಕನ್ನಡಿ ಪ್ರತಿಷ್ಠೆ ಮಾಡಿದರು. ಮರುವರ್ಷ ತೀರಿಕೊಂಡರು. ಈಗ ಅವರದೇ ಮೂರ್ತಿಗೆ ಆರತಿ. ಕನ್ನಡಿಗೆ ಆರತಿ ಎತ್ತುವುದು ಮುಜುಗರ ಇರಬೇಕು, ನಮ್ಮ ಮುಖವೇ ಕಾಣುತ್ತದಲ್ಲ.

ಆದರೆ ಇಷ್ಟು ಹೇಳಿ ಅನುಯಾಯಿಗಳನ್ನೆಲ್ಲ ಕಳ್ಳರು ಎಂದು ಬೈದುಬಿಟ್ಟರೆ ಅದೂ ಸುಳ್ಳಾಗುತ್ತದೆ. ಮಡಿಕೇರಿಯಲ್ಲಿ ಓಂಕಾರೇಶ್ವರನ ಗುಡಿ ನೋಡಿದೆಯಲ್ಲ, ಮಸೀದಿಯ ಹಾಗೆ ಗುಮ್ಮಟ ಇರುವುದು. 1820ರಲ್ಲಿ ಅದನ್ನು ಕಟ್ಟಿಸಿದ ಲಿಂಗರಾಜೇಂದ್ರ ನಮ್ಮವರೇ, ಲಿಂಗವಂತರು. "ಉಳ್ಳವರು ಶಿವಾಲಯವ ಮಾಡುವರು" ಅಂದದ್ದು ಬಸವಣ್ಣ. "ಸ್ಥಾವರಕ್ಕಳಿವುಂಟು" ಎಂದದ್ದೂ ಅವನೇ. ಉಳ್ಳವನು ಶಿವಾಲಯ ಮಾಡಿದ. ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ ಮೇಲೆ ನಿದ್ದೆ ಬರದೆ ಕಟ್ಟಿಸಿದ್ದು ಎಂಬ ಕತೆಯಿದೆ. ಕತೆ ನಿಜವೋ ಸುಳ್ಳೋ. ಆದರೆ ನಿದ್ದೆ ಬರದವನಿಗೆ "ದೇಹವೇ ದೇಗುಲ" ಅಂದರೆ ಏನು ಪ್ರಯೋಜನ? ಆ ದೇಹದೊಳಗೇ ಅವನಿಗೆ ಇರೋಕೆ ಆಗುತ್ತಿಲ್ಲ. ಅವನಿಗೆ ಕಲ್ಲು ಬೇಕು, ಕೆರೆ ಬೇಕು, ಗಂಟೆಯ ಸದ್ದು ಬೇಕು.

ಬೈಲಕುಪ್ಪೆಯವರೂ ಹಾಗೇ. ದೇಶ ಬಿಟ್ಟು ಬಂದು, ಕಾಡು ಕಡಿದು, ಆನೆ ಕಾಟದಲ್ಲಿ ಬದುಕಿದವರು. 1963ರಲ್ಲಿ ಆ ಮಠ ಶುರುವಾದಾಗ ಅದೊಂದು ಬಿದಿರಿನ ಗುಡಿ. ಗೇಟಿನ ಹತ್ತಿರ ಸ್ವೆಟರ್ ಮಾರುತ್ತಾ ಎಡಗೈಯಲ್ಲಿ ಜಪಮಾಲೆ ಎಣಿಸುತ್ತಿದ್ದ ಅಜ್ಜಿ ನೆನಪಿದೆಯಾ? ನೀನು ಚೌಕಾಸಿ ಮಾಡಿದರೂ ಎಣಿಕೆ ತಪ್ಪಲಿಲ್ಲ. ಅವಳಿಗೆ ಬುದ್ಧ ತಪ್ಪಾಗಿ ಅರ್ಥವಾಗಿದ್ದಾನೆ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ವಚನಗಳು ಉಳಿದದ್ದೇ ಹೇಗೆ ಯೋಚಿಸು. ಎಷ್ಟೋ ಮನೆ, ಮಠಗಳಲ್ಲಿ ತಾಳೆಗರಿ ಕಟ್ಟುಗಳನ್ನು ಬಿಚ್ಚದೆ, ಓದದೆ, ದೇವರ ಜೊತೆ ಇಟ್ಟು ಹೂ ಏರಿಸುತ್ತಿದ್ದರು. ಮೂರ್ತಿ ಬೇಡ ಅಂದವರ ಮಾತನ್ನೇ ಮೂರ್ತಿ ಮಾಡಿದ್ದರು. ಫ. ಗು. ಹಳಕಟ್ಟಿಯವರು ಊರೂರು ಅಲೆದು, ಆಸ್ತಿ ಕಳೆದುಕೊಂಡು ಅವನ್ನು ಹುಡುಕಿ ಅಚ್ಚು ಹಾಕಿಸಿದರು. 'ವಚನಶಾಸ್ತ್ರಸಾರ' ಬಂದದ್ದು 1923ರಲ್ಲಿ. ಅಲ್ಲಿಯ ತನಕ ಅವು ಗೆದ್ದಲಿಗೆ ಹೋಗದೆ ಉಳಿದದ್ದು ಓದಿದವರಿಂದ ಮಾತ್ರ ಅಲ್ಲ, ಓದದೆ ಹೂ ಇಟ್ಟವರಿಂದಲೂ ಹೌದು.

ನಮ್ಮ ಕೊಡವ ಗೆಳೆಯರಿಗೆ ಈ ತಾಪತ್ರಯವೇ ಇಲ್ಲ ನೋಡು. ಮತ ಕಟ್ಟಿದವನೂ ಇಲ್ಲ, ಪುಸ್ತಕವೂ ಇಲ್ಲ. ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ಮನೆಯ ನಡುವಿನ ಅಂಕಣದಲ್ಲಿ, ಒಂದು ದೀಪ, ಹಿಂದಿನ ಹಿರಿಯರಿಗೆ ಎಡೆ. ತಪ್ಪು ತಿಳಿಯುವುದಕ್ಕೆ ಏನಾದರೂ ಹೇಳಿಟ್ಟಿದ್ದರೆ ತಾನೆ! ಹಾಗಂತ ಅವರ ತೋಟಗಳಲ್ಲಿ ಲೈನ್ ಮನೆ ಬೇರೆ ಥರ ಇದೆಯಾ ಅಂದರೆ, ಇಲ್ಲ.

ಲೋಟದ ಕತೆ ಪೂರ್ತಿ ಹೇಳಲಿಲ್ಲ. ನೀನು ಹೋದ ಮಾರನೇ ದಿನ ಅದನ್ನು ಗೂಡಿನಿಂದ ತೆಗೆದು, ಹುಣಸೆಹುಳಿ ಹಾಕಿ ಉಜ್ಜಿ, ಅಡುಗೆಮನೆ ಸ್ಟ್ಯಾಂಡಿನಲ್ಲಿ ಬೇರೆ ಲೋಟಗಳ ಜೊತೆ ಇಟ್ಟೆ. ಅಮ್ಮ ನೋಡಿದರು, ಏನೂ ಅನ್ನಲಿಲ್ಲ. ಅಕ್ಕನಿಗೆ ಸ್ಟೀಲ್ ಲೋಟದಲ್ಲಿ ಟೀ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು, ಬಿಸಿ ಜಾಸ್ತಿ ಆಯ್ತು ಅಯ್ಯ ಅಂದಳು, ಕುಡಿದಳು. ಬೆಳಿಗ್ಗೆ ಎದ್ದು ನೋಡಿದರೆ ಹಳೇ ಲೋಟ ಗೂಡಿನಲ್ಲಿ ಬೋರಲು ಬಿದ್ದಿತ್ತು. ಅಮ್ಮ ಇಟ್ಟರೋ ಅಕ್ಕನೇ ಇಟ್ಟಳೋ ಗೊತ್ತಿಲ್ಲ. ದಿನಾ ಸಂಜೆ ನಾನು ಒಳಗಿಡುತ್ತೇನೆ, ದಿನಾ ಬೆಳಿಗ್ಗೆ ಅದು ಅಲ್ಲಿರುತ್ತದೆ. ಯಾರು ಅಂತ ಇನ್ನೂ ಕೇಳಿಲ್ಲ.

ಮೆಣಸು ಒಣಗಿದೆ, ಎರಡು ಕೆಜಿ ನಿನ್ನ ಪಾಲಿಗೆ ಎತ್ತಿಟ್ಟಿದ್ದೇನೆ. ಮೈಸೂರಿಗೆ ಹೋಗುವವರು ಸಿಕ್ಕರೆ ಕಳಿಸುತ್ತೇನೆ.

ನಿನ್ನ ಗೆಳೆಯ