ರೇಬೀಸ್ ಇಂಜೆಕ್ಷನ್ ಆದರೆ ಸಾಲದು, ಗಾಯವನ್ನೂ ನೋಡಿ

ಮಾನ್ಯರೇ,

ಮನೆಯ ನಾಯಿ ಕಚ್ಚಿದರೆ, ಬೆಕ್ಕು ಪರಚಿದರೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ರೇಬೀಸ್. ಅದು ಸರಿಯೇ, ರೋಗ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವವರು ತೀರಾ ವಿರಳ. ಆದರೆ 0, 3, 7, 28ನೇ ದಿನದ ಇಂಜೆಕ್ಷನ್ ಚೀಟಿ ಕೈಗೆ ಬಂದೊಡನೆ ಎಲ್ಲ ಮುಗಿಯಿತೆಂದು ಮನೆಗೆ ಹೋಗುವುದು ತಪ್ಪು. ಆ ಇಂಜೆಕ್ಷನ್ ತಡೆಯುವುದು ಒಂದು ವೈರಸ್ಸನ್ನು ಮಾತ್ರ. ಜೊಲ್ಲಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಅದು ಏನೂ ಮಾಡದು. ಎಲ್ಲ ಲಸಿಕೆ ಆಗಿರುವ, ಹಾಸಿಗೆಯಲ್ಲೇ ಮಲಗುವ ಆರೋಗ್ಯವಂತ ಬೆಕ್ಕಿನ ಬಾಯಲ್ಲೂ ಅವು ಇರುತ್ತವೆ.

ಇವುಗಳಲ್ಲಿ ಪಾಶ್ಚುರೆಲ್ಲಾ ಎಂಬುದು ಮುಖ್ಯ. ಬೆಕ್ಕಿನ ಕಡಿತ ನೋಡಲು ಎರಡು ಚುಕ್ಕೆ, ಒಂದು ಹನಿ ರಕ್ತ. ಮೋಸವಿರುವುದೇ ಅಲ್ಲಿ. ಸೂಜಿಯಂಥ ಕೋರೆಹಲ್ಲು ಬೆರಳಿನ ಗಿಣ್ಣಿಗೆ ಇಳಿದರೆ ಬ್ಯಾಕ್ಟೀರಿಯಾ ಸೀದಾ ಕೀಲಿನವರೆಗೂ ಹೋಗುತ್ತದೆ. ಮೇಲಿನ ಚರ್ಮ ಬೇಗ ಕೂಡಿಕೊಳ್ಳುತ್ತದೆ, ಒಳಗಿನ ಕೀವಿಗೆ ದಾರಿಯಿಲ್ಲ. ಸಾಮಾನ್ಯವಾಗಿ 24 ಗಂಟೆಯೊಳಗೇ ಕೈ ಕೆಂಪಾಗಿ ಬಾತುಕೊಂಡು, ಮುಟ್ಟಿಸಿಕೊಳ್ಳಲಾಗದಷ್ಟು ನೋವು ಬರುತ್ತದೆ. ನಾಯಿ ಕಡಿತ ನೋಡಲು ಭಯಂಕರವಾಗಿದ್ದರೂ ಸೋಂಕಾಗುವುದು ಬೆಕ್ಕಿನ ಕಡಿತದಲ್ಲೇ ಹೆಚ್ಚು.

ಕಚ್ಚಿದ ತಕ್ಷಣ ನಲ್ಲಿ ಬಿಟ್ಟು, ಸೋಪು ಹಚ್ಚಿ, ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಬೇಕು. ಎರಡು ಚೊಂಬು ನೀರು ಸುರಿದರೆ ತೊಳೆದಂತಾಗುವುದಿಲ್ಲ. ಆಮೇಲೆ ಪೊವಿಡೋನ್ ಅಯೋಡಿನ್ ಎಂಬ ಕ್ರಿಮಿನಾಶಕ ದ್ರಾವಣ ಹಚ್ಚಬೇಕು. ಅರಿಶಿನ, ಕಾಫಿಪುಡಿ, ಸುಣ್ಣ, ಖಾರದಪುಡಿ ದಯವಿಟ್ಟು ಬೇಡ; ಅವು ಗಾಯದ ಬಾಯಿ ಕಟ್ಟಿ ಕೊಳೆಯನ್ನು ಒಳಗೇ ಉಳಿಸುತ್ತವೆ. ಅದೇ ಕಾರಣಕ್ಕೆ ಹೊಲಿಗೆ ಹಾಕಿ ಎಂದು ಡಾಕ್ಟರನ್ನು ಒತ್ತಾಯಿಸಲೂಬಾರದು. ಬೆಕ್ಕಿನ ಕಡಿತ, ಆಳದ ಗಾಯ, ಕೈ, ಮುಖ ಅಥವಾ ಕೀಲಿನ ಮೇಲಿನ ಗಾಯ ಇದ್ದರೆ ಸೋಂಕು ಕಾಣುವ ಮುಂಚೆಯೇ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆಯನ್ನು 3ರಿಂದ 5 ದಿನ ಕೊಡುವುದು ವಾಡಿಕೆ. ಇದು ಪೆನಿಸಿಲಿನ್ ಜಾತಿಯದು, ಪೆನಿಸಿಲಿನ್ ಒಗ್ಗದವರು ಮೊದಲೇ ಹೇಳಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸೆಫಲೆಕ್ಸಿನ್, ಎರಿಥ್ರೋಮೈಸಿನ್‌ಗಳನ್ನು ಪಾಶ್ಚುರೆಲ್ಲಾ ವಿರುದ್ಧ ನಂಬುವಂತಿಲ್ಲ. ಮಾತ್ರೆ ನುಂಗುತ್ತಿದ್ದರೂ ಬಾವು ಏರುವುದು ಇದರಿಂದಲೇ. ಧನುರ್ವಾಯು ತಡೆಯುವ ಇಂಜೆಕ್ಷನ್ (ಟಿ.ಟಿ.) ಯಾವಾಗ ಆಗಿತ್ತೆಂಬುದನ್ನೂ ತಿಳಿಸಿ.

ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣನ್ನು ನಾಯಿ ನೆಕ್ಕಿದರೆ ವಾಸಿಯಾಗುತ್ತದೆಂಬ ನಂಬಿಕೆ ಇನ್ನೂ ಇದೆ. ಅದನ್ನು ಇವತ್ತೇ ಬಿಡಿ. ಗುಲ್ಮ (ಸ್ಪ್ಲೀನ್) ತೆಗೆಸಿಕೊಂಡವರಿಗೆ, ಅತಿಯಾಗಿ ಕುಡಿಯುವವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಅಂಥ ಜೊಲ್ಲಿನಿಂದ ರಕ್ತಕ್ಕೇ ನಂಜೇರಿ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯವಾಗಬಹುದು.

ಬೆಕ್ಕಿನ ಮರಿ ಪರಚಿದ ಒಂದರಿಂದ ಮೂರು ವಾರಕ್ಕೆ ಮಗುವಿನ ಕಂಕುಳಲ್ಲೋ ಕುತ್ತಿಗೆಯಲ್ಲೋ ಗಂಟು ಎದ್ದರೆ ನಮ್ಮಲ್ಲಿ ಮೊದಲ ಅನುಮಾನ ಕ್ಷಯದ್ದು. ಆ ಪರೀಕ್ಷೆ ಆಗಲೇಬೇಕು. ಆದರೆ ಮನೆಯಲ್ಲಿ ಬೆಕ್ಕಿನ ಮರಿ ಇದೆಯೆಂದೂ ಡಾಕ್ಟರಿಗೆ ಹೇಳಿ. ಇಂಥ ಗಂಟು ಏಳಿಸುವ ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು ಬೆಕ್ಕಿನಿಂದ ಬೆಕ್ಕಿಗೆ ಒಯ್ಯುವುದು ಚಿಗಟ. ಚಿಗಟದ ಹಿಕ್ಕೆ ಉಗುರಿಗೆ ಮೆತ್ತಿಕೊಂಡು ಪರಚಿದಾಗ ಮನುಷ್ಯರಿಗೆ ಬರುತ್ತದೆ. ಹಾಗಾಗಿ ಚಿಗಟ ಕಳೆದರೆ ಅರ್ಧ ಕೆಲಸ ಆದಂತೆ. ನಾಯಿಗೆ ಹಾಕುವ ಪರ್ಮೆಥ್ರಿನ್ ಔಷಧಿಯನ್ನು ಮಾತ್ರ ಬೆಕ್ಕಿಗೆ ಹಚ್ಚಬೇಡಿ, ಅದಕ್ಕೆ ಅದು ವಿಷ.

ಮಂಡ್ಯದ ಕಡೆ ನಾಯಿ ಸಾಕಿದವರಿಗೆ ಇನ್ನೊಂದು ಮಾತು. ಗದ್ದೆ ಬದು, ನಾಲೆಯ ಏರಿ, ಆಲೆಮನೆ ಸುತ್ತಾಡುವ ನಾಯಿ ಇಲಿ ಉಚ್ಚೆ ಬಿದ್ದ ನೀರನ್ನು ಕುಡಿದೇ ಕುಡಿಯುತ್ತದೆ. ಇಲಿ ಜ್ವರ ತರುವ ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ ನಾಯಿಯ ಮೂತ್ರಪಿಂಡದಲ್ಲಿ ನೆಲೆಸಿ, ಹೊರಗೆ ಏನೂ ಕಾಣದಿದ್ದರೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮೂತ್ರದಲ್ಲಿ ಬರುತ್ತಿರುತ್ತದೆ. ನಾಯಿಯ ಲಸಿಕೆ ಪುಸ್ತಕ ತೆಗೆದು ಸ್ಟಿಕ್ಕರ್ ನೋಡಿ: ಲೆಪ್ಟೋ ಎಂದೋ ಕೊನೆಯಲ್ಲಿ 'ಎಲ್' ಅಕ್ಷರವೋ ಇಲ್ಲದಿದ್ದರೆ ಆ ಭಾಗ ಬಿಟ್ಟುಹೋಗಿದೆ. ಮರಿಗೆ ಎರಡು ಡೋಸ್, ನಡುವೆ 3ರಿಂದ 4 ವಾರ, ಆಮೇಲೆ ತಪ್ಪದೆ ವರ್ಷಕ್ಕೊಮ್ಮೆ. ಮನೆಯೊಳಗೆ ಉಚ್ಚೆ ಹೊಯ್ದರೆ ಗ್ಲೌಸ್ ಹಾಕಿಕೊಂಡು ಹಳೆ ಪೇಪರಿನಲ್ಲಿ ಒತ್ತಿ ತೆಗೆದು, ಒಂದು ಲೀಟರ್ ನೀರಿಗೆ ಸುಮಾರು 30 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಸುರಿದು 10 ನಿಮಿಷ ಬಿಡಿ. ಅದರ ಜೊತೆ ಆಸಿಡ್ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಒಟ್ಟಿಗೆ ಬಂದರೆ ಗದ್ದೆಗೆ ಇಳಿದದ್ದನ್ನೂ ನಾಯಿ ಇರುವುದನ್ನೂ ಡಾಕ್ಟರಿಗೆ ತಿಳಿಸಿ.

ಮೈಸೂರು, ಮಂಡ್ಯ ಜಿಲ್ಲೆಗಳ ಆರೋಗ್ಯ ಅಧಿಕಾರಿಗಳಲ್ಲಿ ಒಂದು ಕೋರಿಕೆ. ರೇಬೀಸ್ ಇಂಜೆಕ್ಷನ್ ಚೀಟಿಯಲ್ಲಿ ಇನ್ನೆರಡು ಸಾಲು ಅಚ್ಚು ಹಾಕಿಸಿ: ಕಚ್ಚಿದ್ದು ನಾಯಿಯೋ ಬೆಕ್ಕೋ, ಮತ್ತು 48 ಗಂಟೆಯೊಳಗೆ ಗಾಯ ತೋರಿಸಲು ಬರಬೇಕಾದ ದಿನ. ಈಗಿನ ಚೀಟಿಯ ಪ್ರಕಾರ ಎರಡನೇ ಭೇಟಿ 3ನೇ ದಿನಕ್ಕೆ. ಬೆಕ್ಕು ಕಚ್ಚಿದ ಕೈಗೆ ಅಷ್ಟು ಹೊತ್ತು ಕಾಯಲಾಗದು.

— ಪಶುವೈದ್ಯ, ಮಂಡ್ಯ