ಬಂಧನದ ಕಾಗದ ಯಾರಿಗೆ ತಿಳಿಯಬೇಕು?

ಡೊಂಬಿವಲಿ

ಚಿ. ಅಶ್ವಿನಿಗೆ ಮಾವನ ಆಶೀರ್ವಾದಗಳು.

ವಕೀಲಿಯ ಸನದು ಸಿಕ್ಕಿ ಪುಣೆಯ ಶಿವಾಜಿನಗರ ಕೋರ್ಟಿಗೆ ಹೋಗತೊಡಗಿದ್ದೀ ಎಂದು ಓದಿ ತುಂಬ ಸಂತೋಷವಾಯಿತು. ಆದರೆ ನಿನ್ನ ಪತ್ರದ ಎರಡು ಮಾತು ನನ್ನನ್ನು ಬಿಡುತ್ತಿಲ್ಲ. ಹಿಡಿದು ತಂದವರನ್ನು ಕಸ್ಟಡಿಗೆ ಒಪ್ಪಿಸುವ ರಿಮಾಂಡ್ ಕೆಲಸದಲ್ಲಿ ಕಲಿಯುವುದೇನೂ ಇಲ್ಲ, ಸಂವಿಧಾನದ ವಾದವೆಲ್ಲ ದಿಲ್ಲಿಯಲ್ಲೇ ನಡೆಯುವುದು ಎಂದಿದ್ದೀ. ಮುಂಬೈಯ ವರ್ಲಿಯಲ್ಲಿ ಕಾರು ಹಾಯ್ದು ಹೆಂಗಸೊಬ್ಬಳು ಸತ್ತ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಓದಿ, ಬಂಧನದ ಕಾರಣ ಬರೆದ ಒಂದು ಕಾಗದ ಕೊಡದಿದ್ದ ಮಾತ್ರಕ್ಕೆ ಬಂಧನವೇ ಅಕ್ರಮ ಎಂದರೆ ಸತ್ತ ಹೆಂಗಸಿಗೆ ಯಾವ ನ್ಯಾಯ ಎಂದೂ ಕೇಳಿದ್ದೀ. ಎರಡನೆಯದು ಕೇಳಬೇಕಾದ ಪ್ರಶ್ನೆಯೇ.

ಆ ಕಾಗದದ ಹಿನ್ನೆಲೆ ಮೊದಲು ತಿಳಿದುಕೋ. ಸಂವಿಧಾನದ ಕರಡಿನಲ್ಲಿ, ಒಬ್ಬನ ಸ್ವಾತಂತ್ರ್ಯ ಕಸಿಯುವ ಕಾನೂನೂ ನ್ಯಾಯಸಮ್ಮತವಾಗಿರಬೇಕೆಂಬ ಅಮೆರಿಕದವರ ‘ಡ್ಯೂ ಪ್ರೊಸೆಸ್’ ತತ್ವ ಇತ್ತು. ಸಂವಿಧಾನ ಸಲಹೆಗಾರ ಬೆನಗಲ್ ನರಸಿಂಗ ರಾವ್, ನಮ್ಮ ಮಂಗಳೂರಿನವರೇ, ಅಮೆರಿಕದಲ್ಲಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡು ಬಂದ ಮೇಲೆ ಅದನ್ನು ಕೈಬಿಡುವುದೇ ಮೇಲೆಂದರು. ಶಾಸನಸಭೆ ಮಾಡಿದ ಕಾನೂನುಗಳನ್ನು ನ್ಯಾಯಾಧೀಶರು ಹೊಡೆದುಹಾಕಿಯಾರು ಎಂಬ ಅಂಜಿಕೆ. ಹಾಗೆಯೇ ಅದನ್ನು ಕೈಬಿಟ್ಟರು. ಊರಿನ ಅಭಿಮಾನ ನನಗೂ ಇದೆ, ಆದರೆ ಆ ಸಲಹೆ ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಸಂವಿಧಾನ ಸಭೆಯಲ್ಲೂ ಹಲವರಿಗೆ ಅಸಮಾಧಾನವಿತ್ತು. ಹಾಗಾಗಿ 1949ರ ಸೆಪ್ಟೆಂಬರ್ 15ರಂದು ಅಂಬೇಡ್ಕರ್ ಅವರು 15-ಎ ಎಂಬ ಹೊಸ ಕಲಮು ತಂದು, ಕಳೆದುಹೋದದ್ದನ್ನು ಒಂದಿಷ್ಟಾದರೂ ತುಂಬಿಕೊಟ್ಟರು. ಇವತ್ತಿನ 22ನೇ ವಿಧಿ ಅದೇ. ಹಿಡಿದವನಿಗೆ ಕಾರಣ ತಿಳಿಸಬೇಕು, ವಕೀಲನನ್ನು ಕಾಣಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.

ನಾನು ಮುಂಬೈಯಲ್ಲಿ ವಕೀಲಿ ಮಾಡುತ್ತಿದ್ದಾಗ ಕಂಡದ್ದೊಂದು ಹೇಳುತ್ತೇನೆ. ಬೈಂದೂರು ಕಡೆಯ ಹುಡುಗ, ಕ್ಯಾಂಟೀನಿನಲ್ಲಿ ಲೋಟ ತೊಳೆಯುವವನು. ಗಲ್ಲಾದ ಹಣ ಕದ್ದನೆಂದು ಹಿಡಿದು ತಂದಿದ್ದರು. ಬಂಧನದ ಕಾಗದ ಪೂರ್ತಿ ಮರಾಠಿ. ಕೆಳಗೆ ಅವನ ಸಹಿ ಕನ್ನಡದಲ್ಲಿ, ಶಾಲೆಯ ಮಕ್ಕಳ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಬರೆದದ್ದು. ಮ್ಯಾಜಿಸ್ಟ್ರೇಟರು ಎಂದಿನಂತೆ ‘ಪೊಲಿಸಾಂಬದ್ದಲ್ ಕಾಹೀ ತಕ್ರಾರ್ ಆಹೇ ಕಾ?’ ಎಂದು ಕೇಳಿದರು. ಅವನು ಪಕ್ಕದ ಹವಾಲ್ದಾರನ ಮುಖ ನೋಡಿ ‘ನಹೀ ಸಾಬ್’ ಎಂದ. ಪೊಲೀಸರ ಮೇಲೆ ದೂರಿಲ್ಲ ಎಂದು ದಾಖಲಾಯಿತು. ಆಮೇಲೆ ನಾನು ಕನ್ನಡದಲ್ಲಿ ಮಾತಾಡಿಸಿದರೆ, ಕದ್ದಿಯಾ ಎಂದು ಕೇಳಿದರೆಂದುಕೊಂಡು ಇಲ್ಲ ಎಂದಿದ್ದನಂತೆ. ಅಂಗಿ ಎತ್ತಿ ತೋರಿಸಿದ. ಬೆನ್ನ ತುಂಬ ಬಾಸುಂಡೆ.

1962ರಷ್ಟು ಹಿಂದೆಯೇ ಸುಪ್ರೀಂ ಕೋರ್ಟು ಇದನ್ನು ಹೇಳಿತ್ತು. ಮಹಾರಾಷ್ಟ್ರದ್ದೇ ಆದ ಹರಿಕಿಸನ್ ಪ್ರಕರಣದಲ್ಲಿ, ಇಂಗ್ಲಿಷ್ ಬಾರದವನಿಗೆ ಇಂಗ್ಲಿಷಿನ ಆದೇಶ ಕೊಟ್ಟು ಬಾಯಲ್ಲಿ ವಿವರಿಸಿದರೆ ಸಾಲದು ಎಂದು ಅವನನ್ನು ಬಿಡಿಸಿತು. ಅದು ಮುನ್ನೆಚ್ಚರಿಕೆಯ ಬಂಧನದ, ಅಂದರೆ ಅಪರಾಧ ನಡೆಯುವ ಮೊದಲೇ ಹಿಡಿದಿಡುವ, ಪ್ರಕರಣ. ಲಿಖಿತ ಕಾರಣ ಬೇಕೆಂಬುದು ಜಾರಿ ನಿರ್ದೇಶನಾಲಯದ (ಇ.ಡಿ.) ಬಂಧನಗಳಿಗೆ ಅನ್ವಯವಾದದ್ದು 2023ರ ಪಂಕಜ್ ಬನ್ಸಲ್ ತೀರ್ಪಿನಿಂದ, ಭಯೋತ್ಪಾದನೆ ತಡೆಯ ಯುಎಪಿಎ ಕಾಯ್ದೆಗೆ 2024ರಲ್ಲಿ. ಆಮೇಲೆ 2025ರ ಆಗಸ್ಟ್ 14ರಂದು ನಟ ದರ್ಶನ್ ಅವರ ಜಾಮೀನು ರದ್ದುಮಾಡಿದ ಪೀಠ ಬೇರೆ ದಾರಿ ಹಿಡಿಯಿತು: ಬರಹದಲ್ಲಿ ಕೊಟ್ಟಿಲ್ಲ ಎಂಬುದೊಂದರಿಂದಲೇ ಬಂಧನ ಅಕ್ರಮವಾಗದು, ಅದರಿಂದ ಆರೋಪಿಗೆ ಬಾಧೆಯಾದದ್ದು, ಅಂದರೆ ತನ್ನ ಪರ ವಾದಿಸಿಕೊಳ್ಳಲು ಅಡ್ಡಿಯಾದದ್ದು, ಕಾಣಬೇಕು. ನವೆಂಬರ್ 6ರಂದು ಬಂದದ್ದು ನೀನು ಓದಿದ ವರ್ಲಿ ತೀರ್ಪು. ಅಪರಾಧ ಯಾವುದೇ ಇರಲಿ, ಕಾರಣ ಬರಹದಲ್ಲಿರಬೇಕು, ಹಿಡಿದವನಿಗೆ ತಿಳಿಯುವ ಭಾಷೆಯಲ್ಲಿರಬೇಕು, ಕೂಡಲೇ ಆಗದಿದ್ದರೆ ರಿಮಾಂಡಿಗೆ ನಿಲ್ಲಿಸುವ 2 ಗಂಟೆ ಮೊದಲಾದರೂ ಕೈಸೇರಬೇಕು. ಎರಡೂ ಇಬ್ಬಿಬ್ಬರು ನ್ಯಾಯಮೂರ್ತಿಗಳ ಪೀಠ. ವಾದ ಇನ್ನೂ ಮುಗಿದಿಲ್ಲ.

ನನ್ನ ಮನಸ್ಸು ನವೆಂಬರಿನ ತೀರ್ಪಿನ ಕಡೆಗೇ. ಬಾಧೆ ತೋರಿಸು ಎಂದರೆ ಆ ಬೈಂದೂರಿನ ಹುಡುಗ ಏನು ತೋರಿಸಿಯಾನು? ತನಗೆ ಏನು ಗೊತ್ತಾಗಲಿಲ್ಲ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಇನ್ನು ನಿನ್ನ ಪ್ರಶ್ನೆ. ಕಾಗದ ಕೊಡದೆ ತಪ್ಪಿದರೆ ಕೇಸೇನೂ ಬಿದ್ದುಹೋಗುವುದಿಲ್ಲ. ಕಾರಣವನ್ನು ಬರೆದುಕೊಟ್ಟು ಪೊಲೀಸರು ಮತ್ತೆ ಕಸ್ಟಡಿ ಕೇಳಬಹುದು ಎಂದು ಅದೇ ತೀರ್ಪು ಹೇಳುತ್ತದೆ. ಸತ್ತವಳಿಗೆ ನ್ಯಾಯ ಸಿಗಬೇಕಾದದ್ದು ಸಾಕ್ಷ್ಯದಿಂದ, ಬೇಗ ಮುಗಿಯುವ ವಿಚಾರಣೆಯಿಂದ. ಒಂದು ಹಾಳೆಯನ್ನು ಅನುವಾದ ಮಾಡಿಸಿದರೆ ಅದಕ್ಕೆ ಕುಂದೇನು? ದೊಡ್ಡ ವಕೀಲರನ್ನು ಇಡುವ ಶಕ್ತಿಯಿದ್ದವರು ಯಾವ ಭಾಷೆಯ ಕಾಗದವನ್ನಾದರೂ ಓದಿಸಿಕೊಳ್ಳುತ್ತಾರೆ. ಅವರ ಕೇಸಿನಲ್ಲಿ ಹುಟ್ಟಿದ ನಿಯಮ ಲೋಟ ತೊಳೆಯುವವನ ತನಕ ಇಳಿಯಬೇಕಾದರೆ ರಿಮಾಂಡ್ ಕೋರ್ಟಿನಲ್ಲಿ ಯಾರಾದರೂ ಎದ್ದುನಿಂತು ಕೇಳಬೇಕು. ಆ ಕೆಲಸವನ್ನು ನೀನು ಮಾಡಬೇಕೆಂಬುದು ನನ್ನ ಆಸೆ.

ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದ ಗೌಂಡಿಗಳು, ಕೂಲಿಯವರು ನಿಮ್ಮ ಪುಣೆಯ ಕಟ್ಟಡಗಳಲ್ಲಿ ತುಂಬಿದ್ದಾರೆ. ಅವರಲ್ಲಿ ಯಾರನ್ನಾದರೂ ಕರೆತಂದರೆ ಹತ್ತಿರ ಹೋಗಿ ನಿಲ್ಲು. ಮನೆಮಾತು ಯಾವುದೆಂದು ಮೊದಲು ಕೇಳು. ತಾಂಡಾದವರಾದರೆ ಅದು ಲಂಬಾಣಿಯಾಗಿರುತ್ತದೆ, ಕನ್ನಡವೆಂದು ನೀನೇ ತೀರ್ಮಾನಿಸಬೇಡ. ಕಾಗದ ಎಷ್ಟು ಗಂಟೆಗೆ ಕೈಗೆ ಬಂತು, ಯಾವ ಭಾಷೆಯಲ್ಲಿತ್ತು, ಮನೆಯವರಿಗೆ ತಿಳಿಸಿದರೇ ಎಂದು ವಿಚಾರಿಸು. ಹೊಸ ದಂಡಪ್ರಕ್ರಿಯಾ ಸಂಹಿತೆಯಾದ ಬಿಎನ್‌ಎಸ್‌ಎಸ್‌ನ 47 (ಬಂಧನದ ಕಾರಣ ತಿಳಿಸುವುದು), 48 (ಮನೆಯವರಿಗೆ ತಿಳಿಸುವುದು) ಮತ್ತು 187ನೇ (ರಿಮಾಂಡ್) ಕಲಮು ಬಾಯಲ್ಲಿರಲಿ. ಪೊಲೀಸ್ ಕಸ್ಟಡಿಯ 15 ದಿನವನ್ನು ಈಗ ಬಿಡಿಬಿಡಿಯಾಗಿಯೂ ಕೇಳಬಹುದಾದ್ದರಿಂದ ಒಂದು ರಿಮಾಂಡ್ ಮುಗಿಯಿತೆಂದು ಮೈಮರೆಯುವಂತಿಲ್ಲ. ಮುಖ್ಯವಾಗಿ, ನಿನ್ನ ತಕರಾರನ್ನು ಕೋರ್ಟಿನ ದಿನದಿನದ ದಾಖಲೆಯಾದ ರೋಜನಾಮೆಯಲ್ಲಿ ಬರೆಸದೆ ಹೊರಗೆ ಬರಬೇಡ. ಬಾಯಲ್ಲಿ ಹೇಳಿ ಬಂದದ್ದು ಮೇಲಿನ ಕೋರ್ಟಿಗೆ ಕಾಣುವುದಿಲ್ಲ.

ಸಂಕ್ರಾಂತಿಗೆ ಅಕ್ಕನ ಜೊತೆ ಬರುವಾಗ ಆಗಸ್ಟ್, ನವೆಂಬರ್ ಎರಡೂ ತೀರ್ಪುಗಳ ಪ್ರತಿ ತಾ. ಬಾಧೆಯ ಬಗ್ಗೆ ಬರೆದ ಭಾಗವನ್ನು ಕೂತು ಓದೋಣ.

ನಿನ್ನ ಮಾವ