ಜಾತ್ರೆ ಗದ್ದೆಯಲ್ಲಿ ಕಾರು ನಿಲ್ಲಿಸುವ ಮೊದಲು

ಸಂಪಾದಕರಿಗೆ,

ಮಾನ್ಯರೇ,

ಕೊಯ್ಲು ಮುಗಿದ ಗದ್ದೆಗಳೆಲ್ಲ ಜಾತ್ರೆ, ಕಳಿಯಾಟ (ತೆಯ್ಯಂ ಉತ್ಸವ), ಉರೂಸ್, ಯಕ್ಷಗಾನಕ್ಕೆ ಬಂದವರ ವಾಹನ ನಿಲ್ಲಿಸುವ ಜಾಗವಾಗುವ ಕಾಲ ಇದು. ಸಾಲುಸಾಲು ಕಾರು, ಮಂದ ಬೆಳಕು, ಮಾಲೀಕರೆಲ್ಲ ಚೆಂಡೆ ಕೇಳುವ ಕಡೆ. ಇಂಥಲ್ಲಿ ಕಾರನ್ನೇ ಒಯ್ಯುವ ಕಳ್ಳ ಅಪರೂಪ. ಸರಿಯಾದ ಕೀ ಇಲ್ಲದೆ ಎಂಜಿನ್ ಚಾಲೂ ಆಗದಂತೆ ತಡೆಯುವ ಇಮ್ಮೊಬಿಲೈಸರ್ ಇರುವ ಈಗಿನ ಕಾರನ್ನು ಚಾಲೂ ಮಾಡಲು ಸಲಕರಣೆ ಬೇಕು, ಪುರುಸೊತ್ತೂ ಬೇಕು. ಸೀಟಿನ ಮೇಲಿನ ಚೀಲಕ್ಕೆ ಎರಡೂ ಬೇಡ. ಗಾಜು ಒಡೆದು, ಕೈ ಹಾಕಿ, ಎತ್ತಿಕೊಂಡು ನಡೆಯಲು ಅರ್ಧ ನಿಮಿಷ ಧಾರಾಳ. ಆತ ಮೊದಲೇ ಯೋಜನೆ ಹಾಕಿ ಬಂದವನೂ ಆಗಿರಬೇಕಿಲ್ಲ. ನಡೆಯುತ್ತ ಒಳಗೆ ಇಣುಕಿ, ಏನಾದರೂ ಕಂಡರೆ ನಿಲ್ಲುತ್ತಾನೆ, ಕಾಣದಿದ್ದರೆ ಮುಂದಿನ ಕಾರಿಗೆ ಹೋಗುತ್ತಾನೆ.

ಆದ್ದರಿಂದ ಮೊದಲ ಕೆಲಸ ಲಾಕ್ ಅಲ್ಲ, ಕಾಣದಂತೆ ಮಾಡುವುದು. ಇದರಲ್ಲಿ ಹೆಚ್ಚಿನವರು ಎಡವುವುದು ಹೊತ್ತಿನ ವಿಷಯದಲ್ಲಿ. ಗದ್ದೆಗೆ ಬಂದು ನಿಲ್ಲಿಸಿ, ಇಳಿದು, ಎಲ್ಲರೆದುರು ಲ್ಯಾಪ್‌ಟಾಪ್ ಚೀಲವನ್ನು ಡಿಕ್ಕಿಗೆ ಹಾಕಿ ಮುಚ್ಚಿದರೆ, ಬೆಲೆಬಾಳುವುದು ಎಲ್ಲಿದೆ ಎಂದು ನೋಡುವವನಿಗೆ ನೀವೇ ತೋರಿಸಿದಂತಾಯಿತು. ಮನೆಯಲ್ಲೇ ಡಿಕ್ಕಿಗೆ ಹಾಕಿ, ಅಥವಾ ಒಂದೆರಡು ಕಿಲೋಮೀಟರ್ ಮೊದಲೇ ಎಲ್ಲಾದರೂ ನಿಲ್ಲಿಸಿ ಆ ಕೆಲಸ ಮುಗಿಸಿ. ಡಿಕ್ಕಿಯೂ ಭದ್ರ ಪೆಟ್ಟಿಗೆಯಲ್ಲ. ಹ್ಯಾಚ್‌ಬ್ಯಾಕ್ ಕಾರಿನಲ್ಲಿ ಹಿಂಬದಿಯ ಪಾರ್ಸೆಲ್ ಟ್ರೇ ಎತ್ತಿದರೆ ಡಿಕ್ಕಿ ತೆರೆದಂತೆಯೇ. ಸೆಡಾನ್‌ಗಳಲ್ಲೂ ಅನೇಕವುಗಳ ಡಿಕ್ಕಿ ತೆರೆಯುವ ಲಿವರ್ ಚಾಲಕನ ಸೀಟಿನ ಪಕ್ಕದಲ್ಲೇ ಇರುತ್ತದೆ. ಟ್ರೇ ತೆಗೆದು ಮನೆಯ ಅಟ್ಟಕ್ಕೆ ಹಾಕಿದವರು ಅದನ್ನು ಮತ್ತೆ ಕಾರಿನಲ್ಲಿ ಕೂರಿಸುವುದು ಒಳ್ಳೆಯದು.

ಚೀಲ ಖಾಲಿ ಇದ್ದರೂ ಬಿಡಬೇಡಿ. ಖಾಲಿ ಎಂಬುದು ಗಾಜು ಒಡೆದ ಮೇಲಷ್ಟೇ ಗೊತ್ತಾಗುವುದು. ಚಾರ್ಜರ್ ವಯರ್, ಮೊಬೈಲ್ ಸ್ಟ್ಯಾಂಡ್, ಚಿಲ್ಲರೆ ನಾಣ್ಯ, ಟವೆಲ್ ಮುಚ್ಚಿದ ಗಂಟು, ಎಲ್ಲವೂ ಆಸೆ ಹುಟ್ಟಿಸುವಂಥವೇ. ಗ್ಲೋವ್ ಬಾಕ್ಸ್ ಖಾಲಿ ಮಾಡಿ, ಖಾಲಿ ಎಂದು ಕಾಣುವಂತೆ ಅದರ ಮುಚ್ಚಳ ತೆರೆದೇ ಬಿಡಬಹುದು. ಬಿಸಿಲಿಗೆ ಮುಂಭಾಗದ ಗಾಜಿಗೆ ಹಾಕುವ ಪರದೆಯಿಂದ ಡ್ಯಾಶ್‌ಬೋರ್ಡ್ ಕಾಣದಂತಾಗುವುದು ಹೆಚ್ಚುವರಿ ಲಾಭ. ಕಪ್ಪು ಫಿಲ್ಮ್ ಹಾಕಿ ಮರೆಮಾಡುತ್ತೇವೆ ಎನ್ನುವವರಿಗೆ ಒಂದು ಮಾತು: ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ 70 ಶೇಕಡಾ, ಬದಿಯವುಗಳಲ್ಲಿ 50 ಶೇಕಡಾ ಬೆಳಕು ಹಾದುಹೋಗಬೇಕು ಎಂಬುದು ನಿಯಮ. ಅಷ್ಟು ಬೆಳಕು ಹೋಗುವ ಗಾಜಿಗೆ ಮೊಬೈಲ್ ಟಾರ್ಚ್ ಹಿಡಿದರೆ ಎಲ್ಲವೂ ಕಾಣುತ್ತದೆ.

ನಮ್ಮ ಗಡಿನಾಡು ಕಾಸರಗೋಡಿನ ಕಾರುಗಳಲ್ಲಿ ವಿಶೇಷವಾಗಿ ಇರುವ ಕೆಲವು ವಸ್ತುಗಳಿವೆ. ಮಂಗಳೂರಿನ ಆಸ್ಪತ್ರೆಗೆ ಹೊರಟವರ ಬಳಿ ಫೈಲು ಮತ್ತು ನಗದು ಒಂದೇ ಚೀಲದಲ್ಲಿರುತ್ತದೆ. ಗಲ್ಫಿನಿಂದ ಬಂದವರನ್ನು ವಿಮಾನ ನಿಲ್ದಾಣದಿಂದ ಕರೆತರುವಾಗ ಪಾಸ್‌ಪೋರ್ಟ್, ಅಲ್ಲಿನ ಗುರುತಿನ ಚೀಟಿ ಎಲ್ಲ ಕೈಚೀಲದಲ್ಲಿ. ದಾರಿಯಲ್ಲಿ ಊಟಕ್ಕೆ ಇಳಿದಾಗ ಪೆಟ್ಟಿಗೆಗಳು ಕಾರಿನಲ್ಲಿರಲಿ, ಆ ಕೈಚೀಲ ಮಾತ್ರ ಕೈಯಲ್ಲೇ ಇರಬೇಕು. ಆರ್‌ಸಿಯ (ವಾಹನ ನೋಂದಣಿ ಪತ್ರದ) ಮೂಲಪ್ರತಿಯನ್ನು ಕಾರಿನಲ್ಲಿ ಇಡುವ ಅಗತ್ಯ ಈಗಿಲ್ಲ. ಮೊಬೈಲಿನ ಸರಕಾರಿ ಆ್ಯಪ್‌ಗಳಾದ ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ತೋರಿಸಿದರೆ ಕಾನೂನು ಪ್ರಕಾರ ಸಾಕು. ಆರ್‌ಸಿಯಲ್ಲಿ ಮನೆಯ ವಿಳಾಸವಿದೆ. ಮನೆಯ ಬೀಗದ ಕೈಯೂ ಅದೇ ಕಾರಿನಲ್ಲಿದ್ದರೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗೇನಾದರೂ ಎರಡೂ ಹೋದರೆ ಠಾಣೆಗೆ ಹೋಗುವ ಮೊದಲು ಮನೆಗೆ ಫೋನ್ ಮಾಡಿ.

ಲಾಕ್ ವಿಷಯ. ರಿಮೋಟ್ ಒತ್ತುತ್ತಲೇ ಬೆನ್ನು ತಿರುಗಿಸಿ ನಡೆಯುವುದು ಕೆಟ್ಟ ಅಭ್ಯಾಸ. ಒಂದು ಬಾಗಿಲು ಸರಿಯಾಗಿ ಕೂರದಿದ್ದರೆ ಹಲವು ಕಾರುಗಳು ಲಾಕ್ ಆದಂತೆ ಸದ್ದು ಮಾಡಿ ಮತ್ತೆ ತೆರೆದುಕೊಳ್ಳುತ್ತವೆ. ರಿಮೋಟಿನ ಅಲೆಗೆ ಅಡ್ಡಿಪಡಿಸುವ ಜಾಮರ್ ಸಾಧನವೂ ಇದೆ. ಆಗ ನೀವು ಒತ್ತಿರುತ್ತೀರಿ, ಕಾರಿಗೆ ತಲುಪಿರುವುದಿಲ್ಲ. ಇಂಡಿಕೇಟರ್ ಮಿನುಗಿದ್ದನ್ನು ನೋಡಿ, ಮತ್ತೆ ಹಿಡಿಕೆ ಎಳೆದು ನೋಡಿ. ಕೀ ಕಿಸೆಯಲ್ಲಿದ್ದರೆ ಮುಟ್ಟಿದ ಕೂಡಲೇ ತೆರೆದುಕೊಳ್ಳುವ ಕಾರುಗಳಿಗೆ ಈ ಪರೀಕ್ಷೆ ನಡೆಯದು. ಅಲ್ಲಿ ಕೀಯನ್ನು ಜತೆಗಿರುವವರ ಕೈಗೆ ಕೊಟ್ಟು ದೂರ ನಿಲ್ಲಿಸಿ ಎಳೆಯಬೇಕು, ಅಥವಾ ಕನ್ನಡಿ ತಾನಾಗಿ ಮಡಚುವ ಕಾರಾದರೆ ಅದು ಮಡಚಿತೇ ಎಂದು ನೋಡಬೇಕು. ಹಳೆಯ ಕಾರುಗಳಲ್ಲಿ ಇನ್ನೊಂದು ತೊಂದರೆ: ಸೆಂಟ್ರಲ್ ಲಾಕಿನ ಮೋಟರ್ ಒಂದು ಬಾಗಿಲಿನದು ಸೋತಿರುತ್ತದೆ. ನಾಲ್ಕು ಕಡೆಯೂ ಟಕ್ ಎಂದ ಹಾಗೆ ಕೇಳುತ್ತದೆ, ಹಿಂದಿನ ಒಂದರ ಗುಂಡಿ ಅರ್ಧಕ್ಕೇ ನಿಂತಿರುತ್ತದೆ. ತಿಂಗಳಿಗೊಮ್ಮೆ ಡಿಕ್ಕಿ ಸೇರಿ ಐದನ್ನೂ ಎಳೆದು ನೋಡಿದರೆ ತಿಳಿಯುತ್ತದೆ. ಸೆಖೆಗೆಂದು ಗಾಜು ಬೆರಳಷ್ಟು ಇಳಿಸಿ ಹೋಗುವುದು ಬೇಡವೇ ಬೇಡ. ಆ ಸಂದಿನಲ್ಲಿ ಸರಿಗೆ ಇಳಿಸಿ ಲಾಕ್ ಎತ್ತಬಹುದು.

ಅಲಾರಂ ಇದೆ ಎಂಬ ಧೈರ್ಯ ಅನೇಕರಿಗೆ. ಕಂಪನಿಯಿಂದಲೇ ಬರುವ ಅಲಾರಂಗಳಲ್ಲಿ ಹೆಚ್ಚಿನವು ಬಾಗಿಲು ಅಥವಾ ಡಿಕ್ಕಿ ತೆರೆದರೆ ಮಾತ್ರ ಕೂಗುವಂಥವು. ಗಾಜು ಒಡೆದು ಕೈ ಹಾಕಿ ಚೀಲ ತೆಗೆದರೆ ಬಾಗಿಲು ತೆರೆಯುವುದೇ ಇಲ್ಲ, ಅಲಾರಂ ಸುಮ್ಮನಿರುತ್ತದೆ. ಪೆಟ್ಟು ಗ್ರಹಿಸುವ ಶಾಕ್ ಸೆನ್ಸರ್ ಬೇರೆಯಾಗಿ ಹಾಕಿಸಬಹುದು, ಆದರೆ ಅದರ ಸೂಕ್ಷ್ಮತೆ ಹೆಚ್ಚಿಟ್ಟರೆ ಜಾತ್ರೆಯ ಸುಡುಮದ್ದಿಗೇ ಹತ್ತು ಸಲ ಕೂಗಿ, ಹನ್ನೊಂದನೆಯ ಸಲ ಯಾರೂ ತಿರುಗಿ ನೋಡುವುದಿಲ್ಲ. ಬಾನೆಟ್ಟಿನ ಮೇಲೆ ಅಂಗೈಯಲ್ಲಿ ತಟ್ಟಿದರೆ ಕೂಗಬಾರದು, ಬಾಗಿಲ ಗಾಜಿಗೆ ಮುಷ್ಟಿಯಿಂದ ಗುದ್ದಿದರೆ ಕೂಗಬೇಕು. ಹಾಗೆ ಹೊಂದಿಸಿಕೊಡಲು ಹೇಳಿ. ವಯರ್ ಕತ್ತರಿಸದೆ ಕಪ್ಲರ್ (ಸಿಕ್ಕಿಸಿ ಸೇರಿಸುವ ಪ್ಲಗ್) ಮೂಲಕವೇ ಜೋಡಿಸಲಿ, ಇಲ್ಲದಿದ್ದರೆ ವಾರಂಟಿಗೆ ತಕರಾರು ಬರುತ್ತದೆ.

ಬೇಕಲ, ಪಳ್ಳಿಕ್ಕೆರೆ, ಕಾಪ್ಪಿಲ್ ಕಡಲ ತೀರಕ್ಕೆ ಹೋಗುವವರು ಕೀಯನ್ನು ಟಯರಿನ ಮೇಲೆ ಅಡಗಿಸಿಡುತ್ತಾರೆ. ಕಳ್ಳನೂ ಮೊದಲು ಹುಡುಕುವುದು ಅಲ್ಲೇ. ಉಪ್ಪುನೀರು ತಾಗಿದರೆ ರಿಮೋಟ್ ಕೆಡುತ್ತದೆ ಎಂಬ ಭಯವಿದ್ದರೆ ನೀರು ಹೋಗದ ಸಣ್ಣ ಚೀಲದಲ್ಲಿ ಹಾಕಿ ಕೊರಳಿಗೆ ಕಟ್ಟಿಕೊಳ್ಳಿ, ಅಥವಾ ಒಬ್ಬರು ದಡದಲ್ಲಿರಿ.

ಇಷ್ಟಾದರೂ ಗಾಜು ಒಡೆದರೆ, ಗುಡಿಸುವ ಮೊದಲು ಫೋಟೊ ತೆಗೆಯಿರಿ, ಒಳಗೆ ಕೈಯಾಡಿಸಬೇಡಿ. ಬದಿಯ ಗಾಜು ಸಣ್ಣ ಹರಳುಗಳಾಗಿ ಉದುರಿ ಅರ್ಧ ಬಾಗಿಲೊಳಗೇ ಇಳಿದಿರುತ್ತದೆ. ಪವರ್ ವಿಂಡೋ ಗುಂಡಿ ಒತ್ತಿದರೆ ಆ ಹರಳು ಸಿಕ್ಕಿ ಒಳಗಿನ ಯಂತ್ರವೂ ಕೆಡುತ್ತದೆ. ಬಾಗಿಲ ಒಳಹಲಗೆ ಬಿಚ್ಚಿ ವ್ಯಾಕ್ಯೂಮ್ ಮಾಡಿಸದೆ ಹೊಸ ಗಾಜು ಹಾಕಿಸಬೇಡಿ, ಮೊದಲ ವಾರದಲ್ಲೇ ಗೀರು ಬೀಳುತ್ತದೆ. ಫೋನ್ ಹೋಗಿದ್ದರೆ ಕೇಂದ್ರ ಸರಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನಿನ ಗುರುತಾದ ಐಎಂಇಐ ಸಂಖ್ಯೆ ಕೊಟ್ಟು ಬಂದ್ ಮಾಡಿಸಬಹುದು. ಆ ಸಂಖ್ಯೆಯನ್ನು *#06# ಒತ್ತಿ ಇವತ್ತೇ ಬರೆದಿಡಿ.

ಮಂಗಳೂರಿನಲ್ಲಿ ಕಳವಾಗಿ ಊರಿಗೆ ಬಂದ ಮೇಲೆ ಗೊತ್ತಾದರೆ ತಿರುಗಿ ತಲಪಾಡಿ ಗಡಿ ದಾಟಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲೂ ದೂರು ಕೊಡಬಹುದು, ಎಫ್‌ಐಆರ್ ಪ್ರತಿ ಉಚಿತ. ಹೋದ ಒಂದೊಂದು ವಸ್ತುವಿನ ಬೆಲೆಯನ್ನೂ ಬಿಲ್ ನೋಡಿ ಬರೆಯಿರಿ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನ್ಯ ಕಳವನ್ನು ಹೊಸ ಕಾನೂನು ಬೇರೆ ರೀತಿ ನೋಡುತ್ತದೆ, ನ್ಯಾಯಾಲಯದ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ.

ಕಾರಿನ ಸಮಗ್ರ (ಕಾಂಪ್ರಹೆನ್ಸಿವ್) ವಿಮೆಯಲ್ಲಿ ಗಾಜಿಗೆ ಹಣ ಸಿಗುತ್ತದೆ, ಒಳಗಿದ್ದ ಲ್ಯಾಪ್‌ಟಾಪಿಗೆ ಸಿಗುವುದಿಲ್ಲ. ಅದಕ್ಕೆ ಪ್ರತ್ಯೇಕ ರಕ್ಷೆ ಕೊಂಡಿರಬೇಕು. 1500 ಸಿಸಿವರೆಗಿನ ಕಾರಿಗೆ ಮೊದಲ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ನಮ್ಮದೇ ಖರ್ಚು. ಕ್ಲೇಮ್ ಮಾಡಿದರೆ 20ರಿಂದ 50 ಶೇಕಡಾವರೆಗಿನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ. ಒಂದೇ ಗಾಜಾದರೆ ಲೆಕ್ಕ ಹಾಕಿ ನೋಡಿ, ಕೈಯಿಂದ ಕೊಡುವುದೇ ಎಷ್ಟೋ ಸಲ ಲಾಭ.

ಜಾತ್ರಾ ಸಮಿತಿಗಳಲ್ಲಿ, ಸಭಾಭವನದವರಲ್ಲಿ, ರೈಲು ನಿಲ್ದಾಣದ ಪಾರ್ಕಿಂಗ್ ವಹಿಸಿಕೊಂಡವರಲ್ಲಿ ಒಂದು ಕೋರಿಕೆ. ಗದ್ದೆಯ ನಾಲ್ಕು ಮೂಲೆಗೂ ಬೆಳಕು ಹಾಕಿ. ಸ್ವಯಂಸೇವಕರು ಕಾರು ನಿಲ್ಲಿಸುವ ಹೊತ್ತಿನಲ್ಲಿ ಮಾತ್ರವಲ್ಲ, ಕಾರ್ಯಕ್ರಮ ಜೋರಾಗಿ ನಡೆಯುವ ಹೊತ್ತಿನಲ್ಲೂ ಸಾಲುಗಳ ನಡುವೆ ಓಡಾಡಲಿ. ಬೆಲೆಬಾಳುವ ವಸ್ತು ಕಾರಿನಲ್ಲಿ ಬಿಡಬೇಡಿ ಎಂಬ ಫಲಕವನ್ನು ಮಲಯಾಳದ ಜತೆ ಕನ್ನಡದಲ್ಲೂ ಬರೆಸಿ, ಪಾರ್ಕಿಂಗ್ ಒಳಗೆ ನೆಡದೆ, ಅದಕ್ಕೆ ತಿರುಗುವ ರಸ್ತೆಯಲ್ಲಿ ಅರ್ಧ ಕಿಲೋಮೀಟರ್ ಮೊದಲೇ ನೆಡಿ. ಓದಿದವರು ಅಲ್ಲೇ ಬದಿಗೆ ನಿಲ್ಲಿಸಿ ಚೀಲವನ್ನು ಡಿಕ್ಕಿಗೆ ಹಾಕಿಕೊಂಡು ಬರಬಹುದು.

ಇತಿ,
ಗ್ಯಾರೇಜ್ ಕೆಲಸದವರು, ಬದಿಯಡ್ಕ